ಮಾಪಕವನ್ನು ಮಗುವಿನ ಮೂಗಿನ ಎತ್ತರಕ್ಕೆ ಇಳಿಸಿ: ಪರಿಸರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಪರಿಸರ ಸಚಿವರಿಗೆ,

ನನ್ನ ಮಗಳಿಗೆ ಎಂಟು ವರ್ಷ. ಅಸ್ತಮಾ ಶುರುವಾಗಿ ಐದು ವರ್ಷವಾಯಿತು. ಉಬ್ಬಸ ಎದ್ದ ರಾತ್ರಿ ಅವಳಿಂದ ಮಲಗಲಾಗುವುದಿಲ್ಲ. ಎರಡೂ ಕೈಗಳನ್ನು ಹಾಸಿಗೆಗೆ ಊರಿ, ಭುಜ ಎತ್ತಿಕೊಂಡು ಕೂರುತ್ತಾಳೆ. ಪ್ರತಿ ಉಸಿರಿಗೂ ಗಂಟಲ ಕೆಳಗಿನ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತದೆ, ಪಕ್ಕೆ ಹೊಡೆದುಕೊಳ್ಳುತ್ತದೆ. ಔಷಧಿಯನ್ನು ಹಿಡಿದಿಡುವ ಕೊಳವೆಯಾದ ಸ್ಪೇಸರ್‌ಗೆ ಇನ್‌ಹೇಲರ್ ಸಿಕ್ಕಿಸಿ ಅವಳ ಬಾಯಿಗೆ ಹಿಡಿದು ನಾನು ಉಸಿರು ಎಣಿಸುತ್ತೇನೆ. ನೀರು ಬೇಕೇ ಎಂದರೆ ‘ಬೇಡ’ ಎನ್ನುವಷ್ಟೂ ಉಸಿರಿರದೆ ತಲೆಯಾಡಿಸುತ್ತಾಳೆ.

ಅಸ್ತಮಾಕ್ಕೆ ಕಾರಣಗಳು ಹಲವು, ನನಗೆ ಗೊತ್ತು. ವಂಶ, ಅಲರ್ಜಿ, ನೆಗಡಿಯ ವೈರಸ್ ಎಲ್ಲವೂ ಇವೆ. ಅವುಗಳಲ್ಲಿ ತಮ್ಮ ಕೈಯಲ್ಲಿರುವುದು ಗಾಳಿ. ಅದಕ್ಕಾಗಿಯೇ ತಮಗೆ ಬರೆಯುತ್ತಿದ್ದೇನೆ.

ಕೆಟ್ಟ ಗಾಳಿಯಲ್ಲಿ ತೇಲುವ, 2.5 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣವೆಂದರೆ ತಲೆಗೂದಲ ದಪ್ಪದ ಸುಮಾರು ಮೂವತ್ತರಲ್ಲೊಂದು ಪಾಲು. ಮೂಗಿನ ಕೂದಲಾಗಲಿ ಗಂಟಲ ಲೋಳೆಯಾಗಲಿ ಅದನ್ನು ತಡೆಯಲಾರವು. ಅದು ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಸ್ತಮಾ ಇರುವ ಮಗುವಿನ ಶ್ವಾಸನಾಳದ ಒಳಪದರ ಮೊದಲೇ ಉರಿಯೂತದಿಂದ ಕೆರಳಿರುತ್ತದೆ. ಕಣಗಳು ಬಿದ್ದಾಗ ಅದು ಇನ್ನಷ್ಟು ಊದಿಕೊಳ್ಳುತ್ತದೆ, ಸುತ್ತಲ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ನಾಳದ ವ್ಯಾಸ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಇಮ್ಮಡಿಯಾಗುವುದಿಲ್ಲ, ಸುಮಾರು ಹದಿನಾರು ಪಟ್ಟಾಗುತ್ತದೆ. ದೊಡ್ಡವರು ಕೆಮ್ಮಿ ಸುಮ್ಮನಾಗುವಷ್ಟು ಊತ, ಮೊದಲೇ ಸಣ್ಣದಾದ ಮಗುವಿನ ನಾಳವನ್ನು ಮುಚ್ಚಿಬಿಡಬಹುದು.

ಗಾಳಿ ಕೆಟ್ಟ ದಿನಗಳಲ್ಲಿ ತಮ್ಮ ಇಲಾಖೆ ಎಚ್ಚರಿಕೆ ಕೊಡುತ್ತದೆ: ಮಕ್ಕಳನ್ನು ಹೊರಗೆ ಬಿಡಬೇಡಿ. ನಾನು ಅದನ್ನು ಪಾಲಿಸಿದ್ದೇನೆ. ಆಟದ ಮೈದಾನ ಬಿಡಿಸಿದೆ, ಸೈಕಲ್ ಬಿಡಿಸಿದೆ. ಆದರೆ ಶಾಲೆ ಬಿಡಿಸಲಾರೆ. ಮುಖ್ಯರಸ್ತೆಯ ಬದಿಯ ಆ ಗೇಟಿನ ಮುಂದೆ ದಿನವೂ ಬೆಳಿಗ್ಗೆ ಕಾರು, ವ್ಯಾನುಗಳು ಎಂಜಿನ್ ಆರಿಸದೆ ಸಾಲಾಗಿ ನಿಂತಿರುತ್ತವೆ. ಅವುಗಳ ಹೊಗೆ ಕೊಳವೆ ಇರುವುದು ನನ್ನ ಮೊಣಕಾಲಿನ ಮಟ್ಟದಲ್ಲಿ. ಮಗಳ ಮುಖಕ್ಕೆ ಅದು ನನಗಿಂತ ಎಷ್ಟು ಹತ್ತಿರ! ಗಾಳಿ ಅಳೆಯುವ ಇಲಾಖೆಯ ಮಾಪಕ ಮಾತ್ರ ಎಲ್ಲೋ ದೂರದ ಕಟ್ಟಡದ ಮೇಲೆ ಕೂತು ಸರಾಸರಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಕಣಗಳ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು. ಬಹುತೇಕ ದೇಶಗಳ ಕಾನೂನು ಇನ್ನೂ ಅದಕ್ಕಿಂತ ಸಡಿಲ. ಮಿತಿ ಬಿಗಿಯಾಗಲೇಬೇಕು, ಆದರೆ ನನ್ನ ಮಗಳು ಸರಾಸರಿಯನ್ನು ಉಸಿರಾಡುವುದಿಲ್ಲ, ಬೆಳಿಗ್ಗೆ ಗೇಟಿನ ಮುಂದಿನ ಆ ಅರ್ಧ ಗಂಟೆಯ ಗಾಳಿಯನ್ನು ಉಸಿರಾಡುತ್ತಾಳೆ.

ಲಂಡನ್ನಿನ ಎಲಾ ಕಿಸ್ಸಿ-ಡೆಬ್ರಾ ವಾಹನ ದಟ್ಟಣೆಯ ರಸ್ತೆಯ ಸಮೀಪ ಬೆಳೆದ ಹುಡುಗಿ. ತೀವ್ರ ಅಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ, 2013ರಲ್ಲಿ ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು ಅಲ್ಲಿನ ಮರಣ ವಿಚಾರಣಾಧಿಕಾರಿ ದಾಖಲಿಸಿದ್ದು 2020ರಲ್ಲಿ. ಗಾಳಿಯ ಅಪಾಯದ ಬಗ್ಗೆ ತಾಯಿಗೆ ಮಾಹಿತಿ ಕೊಟ್ಟಿರಲಿಲ್ಲ ಎಂಬುದನ್ನೂ ಬರೆದರು. ಆ ಸಾಲು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇದು ಕೈಲಾಗದ ಕೆಲಸವೂ ಅಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವಾಹನ, ಇಂಧನಗಳ ನಿಯಮ ಬಿಗಿಯಾಗಿ ಗಾಳಿ ತಿಳಿಯಾಯಿತು. ಅಲ್ಲಿನ ಸಂಶೋಧಕರು ಬೇರೆ ಬೇರೆ ಕಾಲದ ಮಕ್ಕಳ ಶ್ವಾಸಕೋಶವನ್ನು ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿನೈದರ ವಯಸ್ಸಿಗೆ ಉಸಿರಿನ ಸಾಮರ್ಥ್ಯ ತೀರಾ ಕಡಿಮೆಯಿದ್ದ ಮಕ್ಕಳ ಪ್ರಮಾಣ ಶೇ 7.9ರಿಂದ ಶೇ 3.6ಕ್ಕೆ ಇಳಿದಿತ್ತು. ಅಸ್ತಮಾ ಇದ್ದವರ ಶ್ವಾಸಕೋಶವೂ ಹಿಂದಿನವರಿಗಿಂತ ಚೆನ್ನಾಗಿ ಬೆಳೆದಿತ್ತು. ಶ್ವಾಸಕೋಶ ಬೆಳೆಯುವುದು ಹೆಚ್ಚುಕಡಿಮೆ ಹದಿಹರೆಯ ಮುಗಿಯುವವರೆಗೆ. ನನ್ನ ಮಗಳ ಪಾಲಿಗೆ ಇನ್ನು ಸುಮಾರು ಹತ್ತು ವರ್ಷ ಉಳಿದಿದೆ.

ಶಾಲೆಗಳ ಗೇಟಿನಲ್ಲೇ, ಮಗುವಿನ ಎತ್ತರದಲ್ಲಿ ಮಾಪಕ ಇಡಿಸಿ. ಗಂಟೆ ಗಂಟೆಯ ಅಂಕಿಗಳು ಪೋಷಕರಿಗೆ ಸಿಗಲಿ. ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ನಿಲ್ಲುವುದನ್ನು ನಿಷೇಧಿಸಿ, ಜಾರಿಗೂ ತನ್ನಿ. ಹೊಸ ಶಾಲೆಗಳಿಗೆ ಹೆದ್ದಾರಿಯ ಪಕ್ಕ ಅನುಮತಿ ಕೊಡಬೇಡಿ. ಆದೇಶಕ್ಕೆ ಸಹಿ ಹಾಕುವ ಮುನ್ನ ಒಂದು ಬೆಳಿಗ್ಗೆ ಯಾವುದಾದರೂ ಶಾಲೆಯ ಗೇಟಿಗೆ ಬನ್ನಿ. ಗಂಟೆ ಬಾರಿಸುವ ಅರ್ಧ ಗಂಟೆ ಮೊದಲೇ ಬಂದು, ಮಕ್ಕಳ ನಡುವೆ ಮಂಡಿಯೂರಿ ಕುಳಿತು ಉಸಿರಾಡಿ ನೋಡಿ.

ಇಂತಿ,
ಒಬ್ಬ ತಾಯಿ