ಎರಡು ನಿಮಿಷ, ಎರಡು ಹಲ್ಲು

ತಿಲಕವಾಡಿ, ಬೆಳಗಾವಿ
ಮಂಗಳವಾರ ರಾತ್ರಿ

ಚಿನ್ನು,

ಭಾನುವಾರ ನೀನು ಫೋನ್ ಕಟ್ ಮಾಡಿದಾಗಿನಿಂದ ನಿಮ್ಮವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ಆಡೋದನ್ನೇ ಬಿಟ್ಟುಬಿಡು" ಅಂದದ್ದು ನನ್ನ ತಪ್ಪು. ಆದರೆ ಪಂದ್ಯದಲ್ಲಿ ನಿನ್ನನ್ನು ಎರಡು ನಿಮಿಷ ಹೊರಗೆ ಕೂರಿಸಿ ರೆಫರಿ ಮೋಸ ಮಾಡಿದ ಅಂದೆಯಲ್ಲ, ಅದನ್ನು ಒಪ್ಪೋದಿಲ್ಲ.

ಎರಡು ದಿನದಿಂದ ಮೊಬೈಲ್‌ನಲ್ಲಿ ಐಸ್ ಹಾಕಿಯನ್ನೇ ನೋಡುತ್ತಿದ್ದೇನೆ. ನಿಮ್ಮದು ಕೆಲಸ ಮುಗಿಸಿ ಬಂದವರು ಖುಷಿಗೆ ಆಡುವ ಲೀಗ್. ಕೋಲು ಹಿಂದಕ್ಕೆತ್ತಿ ಜೋರಾಗಿ ಬೀಸಿ ಹೊಡೆಯೋ ಸ್ಲ್ಯಾಪ್ ಶಾಟ್ ಇಲ್ಲ ಅಂತ ಸೇರುವಾಗಲೇ ಹೇಳಿದ್ದರು ಅಲ್ವಾ? ಕೋಲು ಸೊಂಟಕ್ಕಿಂತ ಮೇಲೆ ಎತ್ತಿ ಬೀಸಿದರೆ, ಪಕ್‌ಗೆ, ಅಂದರೆ ಚೆಂಡಿನ ಬದಲಿಗಿರೋ ಆ ಬಿಲ್ಲೆಗೆ, ತಾಗಲಿ ಬಿಡಲಿ, ಎರಡು ನಿಮಿಷ ಹೊರಗೆ. ನಿನ್ನದು ತಾಗಿತು, ಹೋಗಿ ಎದುರಿನ ಹುಡುಗಿಯ ಪಾದದ ಗಂಟಿಗೆ ಬಡಿಯಿತು. ನಿಮ್ಮ ಕಡೆ ಒಬ್ಬರು ಕಮ್ಮಿ ಇದ್ದಾಗ ಅವರು ಗೋಲು ಹೊಡೆದರು. ಗೋಲು ಬಿತ್ತು ಅಂತ ನಿನ್ನನ್ನು ಮೊದಲೇ ಒಳಗೆ ಬಿಟ್ಟರು. ಇದೊಳ್ಳೆ ಶಿಕ್ಷೆ, ತಂಡಕ್ಕೆ ಪೆಟ್ಟು ಬಿದ್ದ ಕೂಡಲೇ ಬಿಡುಗಡೆ!

ಮೊಣಕಾಲು ನೋವಿಗೆ ಹಾಕಿ ಆಟ ಬಿಟ್ಟೆ ಅಂತ ನಿನಗೆ ಹೇಳಿದ್ದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ.

1994, ಲೇಲೇ ಮೈದಾನ. ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತ್ತು, ಅಂದರೆ ಎದುರಿನವರ ತಪ್ಪಿಗೆ ಅವರ ಗೋಲಿನ ಹತ್ತಿರ ಹೊಡೆಯೋ ಅವಕಾಶ. ಮೊದಲ ಹೊಡೆತ ಗೋಲಿನ ಹಲಗೆಗಿಂತ, ಅಂದರೆ 460 ಮಿಲಿಮೀಟರ್‌ಗಿಂತ, ಮೇಲೆ ಹೋಗುವಂತಿಲ್ಲ. ಗೊತ್ತಿತ್ತು. ಆದರೆ 1964ರ ಟೋಕಿಯೋ ಒಲಿಂಪಿಕ್ಸ್ ಚಿನ್ನದ ಹಾಕಿ ತಂಡದಲ್ಲಿದ್ದ ಬಂಡು ಪಾಟೀಲರ ಊರು ನಮ್ಮದು, ಹುಡುಗರಿಗೆ ಭಾಳ ಸೊಕ್ಕು. ಬೀಸಿ ಹೊಡೆದೆ. ಚೆಂಡು ಎದ್ದು, ಓಡಿ ಬರುತ್ತಿದ್ದ ಎದುರು ತಂಡದ, ಕ್ಯಾಂಪ್ ಕಡೆಯ ಹುಡುಗನ ಬಾಯಿಗೆ ಬಡಿಯಿತು. ಎರಡು ಹಲ್ಲು ಕೆಂಪು ಮಣ್ಣಿಗೆ ಬಿದ್ದವು. ಅವರಿಗೆ ಫ್ರೀ ಹಿಟ್. ನಾನೇನು ಮಾಡಿದೆ ಗೊತ್ತಾ? ಬೇಕಂತ ಎತ್ತಿದ್ದಲ್ಲ ಅಂತ ಅಂಪೈರ್ ಜೊತೆ ಜಗಳಕ್ಕೆ ನಿಂತೆ. ಆ ಹುಡುಗ ಕುಕ್ಕರುಗಾಲಲ್ಲಿ ಕೂತು ಹಲ್ಲು ಹುಡುಕುತ್ತಿದ್ದ. ಒಂದು ಸಿಕ್ಕಿತು, ಕರವಸ್ತ್ರದಲ್ಲಿ ಸುತ್ತಿಕೊಂಡ. ಇನ್ನೊಂದಕ್ಕೆ ಮಣ್ಣು ಕೆದರುತ್ತಲೇ ಇದ್ದ. ನಾನು ವಾದ ಮಾಡುತ್ತಲೇ ಇದ್ದೆ.

ಎರಡನೇ ರೈಲ್ವೆ ಗೇಟ್ ಹತ್ತಿರ ಈಗ ಅವನದೊಂದು ಅಂಗಡಿ ಇದೆ. ನಾನು ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತೇನೆ. ಯಾವುದೋ ಮದುವೆಯಲ್ಲಿ ದೂರದಿಂದ ನೋಡಿದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಆ ಕರವಸ್ತ್ರ ಬಿಳಿಯದು, ಅಂಚಿಗೆ ನೀಲಿ ಗೆರೆ.

ನಮ್ಮ ಚೆಂಡು ಸುಮಾರು 160 ಗ್ರಾಂ. ನಿಮ್ಮ ಪಕ್ 170, ಗಟ್ಟಿ ರಬ್ಬರು. ಅದನ್ನೂ ಫ್ರೀಜರ್‌ನಲ್ಲಿಟ್ಟು ಆಡುತ್ತಾರೆ ಅಂತ ಓದಿ ನಿದ್ದೆ ಬರಲಿಲ್ಲ. ಮುಖಕ್ಕೆ ಜಾಲರಿ ಹಾಕ್ತೀಯಲ್ಲ? ರಿಸ್ಟ್ ಶಾಟ್ ಕಲಿ. ಪಕ್ ಕೋಲಿಗೆ ಅಂಟಿದಂತೆ ಎಳೆದು ತಂದು, ಮೈಭಾರ ಮುಂದೆ ಹಾಕಿ, ಮಣಿಕಟ್ಟಿನಿಂದ ಚಿಮ್ಮಿಸು. ಪೆನಾಲ್ಟಿ ಕೊಟ್ಟರೆ ಸುಮ್ನೆ ಹೋಗಿ ಕೂಡು. ಬಾಯಿ ಮಾಡಿದರೆ ಇನ್ನೂ ಜಾಸ್ತಿ ಬೀಳುತ್ತೆ. ಊರು ಬಿಟ್ಟು ಹೋದವರು ತಾಳ್ಮೆ... ನೋಡು, ಮತ್ತೆ ಶುರು ಮಾಡಿದೆ.

ನಮ್ಮೂರಲ್ಲಿ ಐಸ್ ಅಂದರೆ ಗೋಲಾ ಗಾಡಿಯದು. ಇಲ್ಲಿಂದ ಹೋದವಳು ಐಸ್ ಮೇಲೆ ಓಡಿ ಹೊಡೀತೀ. ನೀನು ಕಳಿಸಿದ ವಿಡಿಯೋ ಎಷ್ಟು ಸಲ ನೋಡಿದೆನೋ. ತಪ್ಪು ಹೌದು, ಆದರೆ ಏನು ಹೊಡೆತ! ನಿಮ್ಮವ್ವನಿಗೆ ಹೇಳಬೇಡ.

ಆ ಹುಡುಗಿಯ ಕಾಲು ಹೇಗಿದೆ? ಭಾನುವಾರ ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಿನ್ನ ಅಪ್ಪ