ಭಾನುವಾರದ ಓದು: ‘ದಿ ಡೇ ಆಫ್ ದ ಜಾಕಲ್’

ಎಲ್ಲರಿಗೂ ನಮಸ್ಕಾರ. ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಹೊರಟ ಬಾಡಿಗೆ ಹಂತಕ ‘ಜಾಕಲ್’ನ ಕಥೆ ಇದು. ಫ್ರೆಡರಿಕ್ ಫೋರ್ಸೈತ್ ಅವರ ಈ ಮೊದಲ ಥ್ರಿಲ್ಲರ್ ಬಗ್ಗೆ ನೀವು ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದೆ. ‘ಡಿ ಗಾಲ್ ಕೊಲೆಯಾಗಲಿಲ್ಲ ಅಂತ ಗೊತ್ತಿದ್ದ ಮೇಲೆ ಕುತೂಹಲ ಎಲ್ಲಿಂದ ಬರಬೇಕು?’ ಎನ್ನುವವರೇ ಹೆಚ್ಚು. ನಿಜ, ಅವರು 1970ರಲ್ಲಿ ಮನೆಯಲ್ಲೇ ತೀರಿಕೊಂಡರು, ಪುಸ್ತಕ ಬಂದದ್ದು 1971ರಲ್ಲಿ. ಆದರೂ ನಕಲಿ ಪಾಸ್‌ಪೋರ್ಟ್ ಹೊಂದಿಸುವ ಪುಟಗಳನ್ನು ಯಾರಿಗೂ ಕೆಳಗಿಡಲು ಆಗಿಲ್ಲವಲ್ಲ! 1962ರಲ್ಲಿ ಪ್ಯಾರಿಸ್ ಬಳಿಯ ಪೆತಿ-ಕ್ಲಾಮಾರ್‌ನಲ್ಲಿ ಡಿ ಗಾಲ್ ಕಾರಿನ ಮೇಲಾದ ದಾಳಿ ನಿಜಕ್ಕೂ ನಡೆದದ್ದು; ಆಮೇಲಿನ ಜಾಕಲ್ ಕಥೆ ಕಲ್ಪನೆ. ಹೆಣ್ಣು ಪಾತ್ರಗಳು ತೀರಾ ತೆಳು ಎಂಬ ದೂರಿಗೆ ನನ್ನದೂ ಒಪ್ಪಿಗೆ.

ಬಂದೂಕಿನ ವಿವರಗಳ ಬಗ್ಗೆ ನಮ್ಮ ಮಾಜಿ ಸೈನಿಕರು ಬರೀ ಹೆಬ್ಬೆರಳಿನ ಇಮೋಜಿ ಒತ್ತಿದ್ದಾರೆ. ಸಾಲದು, ಬಂದು ಮಾತಾಡಬೇಕು.

ಇನ್ನೂ ಮುಗಿಸದವರಿದ್ದಾರೆ, ಅಂತ್ಯವನ್ನು ಇಲ್ಲಿ ಬರೆಯಬೇಡಿ. ಭಾನುವಾರ ಸಂಜೆ 4ಕ್ಕೆ, ಮಡಿಕೇರಿಯಲ್ಲಿ ಕಳೆದ ಸಲದ ಜಾಗದಲ್ಲೇ. ವಿರಾಜಪೇಟೆ ಕಡೆಯವರು ಮಳೆ ನೋಡಿಕೊಂಡು ಬೇಗ ಹೊರಡಿ.