ಕೆಲಸ ಕೇಳಬೇಡ, ಕೆಲಸದ ಬಗ್ಗೆ ಕೇಳು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. "ಫೈನಾನ್ಸ್ ಕೆಲಸಕ್ಕೆ ಅಂತ ನಮ್ಮ ಕಾಲೇಜಿನ ನಲವತ್ತು ಸೀನಿಯರ್‌ಗಳಿಗೆ ಮೆಸೇಜ್ ಹಾಕಿದೆ ಅಮ್ಮ. ಉತ್ತರ ಬಂದಿದ್ದು ಎರಡು. ಅದರಲ್ಲಿ ಒಂದು ಬರೀ ಆಲ್ ದಿ ಬೆಸ್ಟ್" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೆಲ್ಲ ಒಂಥರಾ ಬೇಡೋದೇ ಅಲ್ವಾ?" ಅಂತ ಕೇಳಿದೆ. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ, ಅದಕ್ಕೇ ಈ ಪತ್ರ.

ನೀನು ಕಳಿಸಿದ ಮೆಸೇಜನ್ನು ಓದಿದೆ. ಎರಡನೇ ಸಾಲಿನಲ್ಲೇ ರೆಫರಲ್, ಅಂದರೆ ಅವರ ಕಂಪನಿಯಲ್ಲಿ ನಿನ್ನ ಹೆಸರಿಗೊಂದು ಶಿಫಾರಸು, ಕೇಳಿಬಿಟ್ಟಿದ್ದೀಯ. ಎಡವಿದ್ದು ಅಲ್ಲೇ. ನಿನ್ನ ಅಮ್ಮ ಬ್ಯಾಂಕಿನ ಸಾಲದ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತವಳು. ನನ್ನ ಕಣ್ಣಿಗೆ ರೆಫರಲ್ ಅಂದರೆ ಜಾಮೀನು. ಒಂದು ಮಾತೂ ಆಡದವಳಿಗೆ ಯಾರು ಜಾಮೀನು ಹಾಕುತ್ತಾರೆ? ನಾನಂತೂ ಹಾಕಲ್ಲ. ಆದರೆ ದಾರಿ ಕೇಳಿದವರಿಗೆ ದಾರಿ ಹೇಳದವರು ಕಡಿಮೆ. ನೀನು ಕೇಳಬೇಕಾದ್ದು ದಾರಿಯನ್ನು. ಅದು ಬೇಡುವುದಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಓದು ಮುಗಿದ ಹೊಸತರಲ್ಲಿ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರಿಗೆ ಮೂರು ಪುಟದ ಕಾಗದ ಬರೆದಿದ್ದೆ. ನನ್ನ ಅಂಕಗಳು, ಬಹುಮಾನಗಳು, ಕಷ್ಟಸುಖ ಎಲ್ಲ ಇತ್ತು. ಅವರು ಏನು ಕೆಲಸ ಮಾಡುತ್ತಾರೆ ಅನ್ನುವ ಒಂದು ಪ್ರಶ್ನೆಯೂ ಇರಲಿಲ್ಲ. ಉತ್ತರ ಬರಲಿಲ್ಲ ಅಂತ ವರ್ಷಗಟ್ಟಲೆ ಅವರ ಮೇಲೆ ಸಿಟ್ಟು. ಆಮೇಲೆ ನನಗೇ ಅಂಥ ಕಾಗದಗಳು ಬರತೊಡಗಿದವು. ಒಬ್ಬ ಹುಡುಗ "ನಿಮ್ಮ ಸಂಸ್ಥೆಯಲ್ಲಿ ದುಡಿಯುವುದು ನನ್ನ ಬಾಲ್ಯದ ಕನಸು" ಅಂತ ಬರೆದಿದ್ದ. ಕೆಳಗೆ ಬೇರೊಂದು ಬ್ಯಾಂಕಿನ ಹೆಸರು!

ಪರಿಚಯವೇ ಇಲ್ಲದವರಿಂದ ಏನು ಸಹಾಯ ಆದೀತು ಅಂತಲೂ ನೀನು ಕೇಳಿದ್ದೆ. ಮಾರ್ಕ್ ಗ್ರಾನೊವೆಟರ್ ಅಂತ ಒಬ್ಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದ್ದರು. ಸುಳಿವು ಕೊಟ್ಟವರನ್ನು ಆಗಾಗ, ಅಂದರೆ ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದೆವು ಅಂದವರು ಶೇ. 17ರಷ್ಟು ಮಾತ್ರ. ಶೇ. 28ರಷ್ಟು ಮಂದಿ ಆ ವ್ಯಕ್ತಿಯನ್ನು ಕಾಣುತ್ತಿದ್ದುದು ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆ. ಉಳಿದವರು ಇವೆರಡರ ನಡುವೆ. ಯೋಚಿಸಿದರೆ ಇದು ಸಹಜವೇ. ನಿನ್ನ ಗೆಳತಿಯರಿಗೆ ಗೊತ್ತಿರುವುದು ನಿನಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ಇದನ್ನೇ ಮತ್ತೆ ಪರೀಕ್ಷಿಸಿದ್ದರು. ಕೆಲಸ ಬದಲಿಸಲು ಜಾಸ್ತಿ ನೆರವಾದದ್ದು ತೀರಾ ಹತ್ತಿರದವರೂ ಅಲ್ಲ, ತೀರಾ ದೂರದವರೂ ಅಲ್ಲ. ನಡುವೆ ಇರುವ ಅಷ್ಟಿಷ್ಟು ಪರಿಚಯದವರು. ಒಂದೇ ಕಾಲೇಜು, ಒಂದು ಸಲ ಆಡಿದ ಮಾತು, ಇಷ್ಟಿದ್ದರೆ ಒಬ್ಬ ಅಪರಿಚಿತ ಆ ನಡುವಿನ ಜಾಗಕ್ಕೆ ಬರಬಹುದು ಅಂತ ನನ್ನ ಅಂದಾಜು.

ಹಾಗಾಗಿ ನಲವತ್ತು ಜನ ಬೇಡ, ಐದು ಜನರನ್ನು ಆರಿಸು. ನೀನು ದೊಡ್ಡ ದೊಡ್ಡ ಮ್ಯಾನೇಜಿಂಗ್ ಡೈರೆಕ್ಟರ್‌ಗಳಿಗೇ ಬರೆದಿದ್ದೀಯ. ಅವರನ್ನು ಬಿಡು. ನಿನಗಿಂತ ಎರಡು ಮೂರು ವರ್ಷ ಮುಂದಿರುವ, ತಂಡದ ಮೊದಲ ಮೆಟ್ಟಿಲಲ್ಲಿ ಲೆಕ್ಕಾಚಾರ ಮಾಡುವ ಅನಲಿಸ್ಟ್‌ಗಳನ್ನು ಹಿಡಿ. ಇಂಟರ್ವ್ಯೂನಲ್ಲಿ ಏನು ಕೇಳಿದರು ಅನ್ನುವುದು ಅವರಿಗೆ ಇನ್ನೂ ನೆನಪಿರುತ್ತದೆ. ರೆಸ್ಯೂಮೆಗಳ ರಾಶಿಯನ್ನು ಮೊದಲು ಜರಡಿ ಹಿಡಿಯುವ ಕೆಲಸವೂ ಎಷ್ಟೋ ಕಡೆ ಅವರ ತಲೆಗೇ ಬೀಳುತ್ತದೆ. ಇನ್ನೊಂದು ಮಾತು. "ಫೈನಾನ್ಸ್‌ನಲ್ಲಿ ಆಸಕ್ತಿ ಇದೆ" ಅಂತ ಬರೆಯಬೇಡ. ಅದು "ಆಸ್ಪತ್ರೆಯಲ್ಲಿ ಆಸಕ್ತಿ ಇದೆ" ಅಂದ ಹಾಗೆ. ಸಾಲದ ಅಪಾಯ ಅಳೆಯುವವರ ದಿನವೇ ಬೇರೆ, ಶೇರು ಸಂಶೋಧನೆ ಮಾಡುವವರದೇ ಬೇರೆ, ಕಂಪನಿಯೊಳಗೆ ಕೂತು ದುಡ್ಡಿನ ಹರಿವು ನೋಡಿಕೊಳ್ಳುವ ಟ್ರೆಷರಿಯವರದೇ ಬೇರೆ. ಯಾವುದು ಅಂತ ನಿನಗೇ ಗೊತ್ತಿಲ್ಲದಿದ್ದರೆ, "ಈ ಎರಡರ ನಡುವೆ ತೂಗುತ್ತಿದ್ದೇನೆ" ಅಂತ ಹೇಳು. ಅದೂ ಒಳ್ಳೆಯ ಪ್ರಶ್ನೆಯೇ.

ಹೊತ್ತು ಗೊತ್ತು ನೋಡಿ ಬರೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಶೇರು ಸಂಶೋಧನೆಯವರಿಗೆ ಕಂಪನಿಗಳು ತ್ರೈಮಾಸಿಕ ಫಲಿತಾಂಶ ಪ್ರಕಟಿಸುವ ವಾರಗಳಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಆಡಿಟ್‌ನವರಿಗೆ ವರ್ಷದ ಲೆಕ್ಕ ಮುಗಿದ ನಂತರದ ತಿಂಗಳುಗಳು ಹಾಗೇ. ಟ್ರೇಡಿಂಗ್‌ನವರಿಗೆ ಮಾರುಕಟ್ಟೆ ತೆರೆದಿರುವಾಗ ಫೋನ್ ಮಾಡಿದರೆ ಬೈಗುಳವೇ ಗತಿ. ಉತ್ತರ ಬಾರದ ಮೂವತ್ತೆಂಟರಲ್ಲಿ ಕೆಲವಾದರೂ ಬರೀ ಹೊತ್ತು ತಪ್ಪಿದವು ಇರಬಹುದು. ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸು. ಮೂರನೇ ಸಲ ಬೇಡ.

ಮೆಸೇಜ್ ಐದಾರು ಸಾಲಿಗಿಂತ ಉದ್ದ ಬೇಡ. ನೀನು ಯಾರು, ಅವರನ್ನೇ ಯಾಕೆ ಕೇಳುತ್ತಿದ್ದೀಯ, ಇಪ್ಪತ್ತು ನಿಮಿಷ ಸಿಗುತ್ತಾ, ಅಷ್ಟು ಸಾಕು. ರೆಸ್ಯೂಮೆ ಲಗತ್ತಿಸಬೇಡ, ಅವರು ಕೇಳಲಿ.

ಮಾತಿಗೆ ಸಿಕ್ಕಾಗ ನೆಟ್ಟಲ್ಲಿ ಸಿಗುವುದನ್ನು ಕೇಳಿ ಅವರ ಸಮಯ ಹಾಳುಮಾಡಬೇಡ. "ನಿನ್ನೆ ಬೆಳಗ್ಗಿಂದ ಸಂಜೆವರೆಗೆ ಏನು ಮಾಡಿದಿರಿ?" ಅಂತ ಕೇಳು. "ಹೊಸಬರು ಮೊದಲ ಆರು ತಿಂಗಳಲ್ಲಿ ಎಲ್ಲಿ ಎಡವುತ್ತಾರೆ?" ಅಂತ ಕೇಳು. ನನಗೆ ಇಷ್ಟವಾದ ಪ್ರಶ್ನೆ ಅಂದರೆ "ಈ ಕೆಲಸ ಯಾರಿಗೆ ಒಗ್ಗುವುದಿಲ್ಲ?" ಜನ ಅಲ್ಲೇ ನಿಜ ಹೇಳುವುದು. ಆದರೆ ಅವರು ಈಗ ನೋಡುತ್ತಿರುವ ವ್ಯವಹಾರ ಯಾವುದು, ಯಾವ ಕಂಪನಿ ಯಾವುದನ್ನು ಕೊಳ್ಳುತ್ತಿದೆ ಅಂತ ಮಾತ್ರ ಅಪ್ಪಿತಪ್ಪಿಯೂ ಕೆದಕಬೇಡ. ಪ್ರಕಟವಾಗದ ಅಂಥ ಮಾಹಿತಿ ಬಾಯಿಬಿಟ್ಟರೆ ಅವರ ಕೆಲಸ ಹೋಗುತ್ತದೆ, ಕೇಸೂ ಬೀಳಬಹುದು. ನೀನು ಕುತೂಹಲಕ್ಕೆ ಕೇಳಿದರೂ ಅವರಿಗೆ ನಿನ್ನ ಬಗ್ಗೆ ಅನುಮಾನ ಬರುತ್ತದೆ.

ಹರಟೆ ಅಂತ ಮೈಮರೆಯಲೂಬೇಡ. ನಡುವೆ ನಗುತ್ತಲೇ, "ಸವಕಳಿ ಹತ್ತು ರೂಪಾಯಿ ಜಾಸ್ತಿ ಆದರೆ ಮೂರೂ ಪಟ್ಟಿಗಳಲ್ಲಿ ಏನಾಗುತ್ತೆ?" ಅಂತ ಕೇಳಿಬಿಡುತ್ತಾರೆ. ಹಳೇ ಪ್ರಶ್ನೆ, ಇನ್ನೂ ಚಾಲ್ತಿಯಲ್ಲಿದೆ. ಸವಕಳಿ ಅಂದರೆ ಯಂತ್ರ, ಕಟ್ಟಡ ಸವೆದಂತೆ ಲೆಕ್ಕದಲ್ಲಿ ಬರೆಯುವ ಖರ್ಚು. ಮೂರು ಪಟ್ಟಿ ಅಂದರೆ ಲಾಭ-ನಷ್ಟದ ಪಟ್ಟಿ, ನಗದು ಬಂದುಹೋಗುವ ಕ್ಯಾಶ್ ಫ್ಲೋ, ಆಸ್ತಿ-ಸಾಲ ತೋರಿಸುವ ಬ್ಯಾಲೆನ್ಸ್ ಶೀಟ್. ತೆರಿಗೆ ಶೇ. 30 ಅಂತ ಇಟ್ಟುಕೋ. ತೆರಿಗೆಯಲ್ಲಿ ಮೂರು ರೂಪಾಯಿ ಉಳಿಯುತ್ತದೆ, ಹಾಗಾಗಿ ನಿವ್ವಳ ಲಾಭ ಇಳಿಯುವುದು ಏಳು ರೂಪಾಯಿ. ಸವಕಳಿಗೆ ಕೈಯಿಂದ ದುಡ್ಡು ಹೋಗುವುದಿಲ್ಲ, ಹಾಗಾಗಿ ಕ್ಯಾಶ್ ಫ್ಲೋನಲ್ಲಿ ಹತ್ತನ್ನು ವಾಪಸ್ ಕೂಡುತ್ತೀಯ, ನಗದು ಮೂರು ಹೆಚ್ಚುತ್ತದೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಏನಾಗುತ್ತದೆ ಅಂತ ನಾನು ಹೇಳಲ್ಲ, ನೀನೇ ಕೂಡಿಸಿ ನೋಡು.

ಮಾತು ಮುಗಿದ ದಿನವೇ ಎರಡು ಸಾಲಿನ ಧನ್ಯವಾದ ಬರೆ. ಅದನ್ನು ಎಲ್ಲರೂ ಬರೆಯುತ್ತಾರೆ. ಎರಡು ತಿಂಗಳ ಮೇಲೆ ಬರೆಯುವವರು ಕಡಿಮೆ. "ನೀವು ಹೇಳಿದ ಕೋರ್ಸ್ ಮುಗಿಸಿದೆ, ಇಂತಿಂಥದ್ದು ಅರ್ಥವಾಯಿತು, ಇದೊಂದು ಅರ್ಥವಾಗಲಿಲ್ಲ" ಅಂತ ಒಬ್ಬಳು ಹುಡುಗಿ ನನಗೆ ಹಾಗೆ ಬರೆದಿದ್ದಳು. ನಮ್ಮಲ್ಲಿ ಒಂದು ಜಾಗ ಖಾಲಿಯಾದಾಗ ನನಗೆ ಮೊದಲು ನೆನಪಾದದ್ದು ಅವಳೇ. ಅವಳು ಕೇಳಿರಲೇ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವವರೇ ಜಾಸ್ತಿ ಇರುವಾಗ, ಅವಳು ಹೊಳೆಯ ನಡುವೆಯೇ ಅಂಬಿಗನನ್ನು ಮಾತಾಡಿಸಿದ್ದಳು.

ನ್ಯಾಯದ ಮಾತೂ ಒಂದಿದೆ. ಒಳ್ಳೆಯ ಕಾಲೇಜು, ದೊಡ್ಡ ಸೀನಿಯರ್‌ಗಳು ಇಲ್ಲದ ಮಕ್ಕಳಿಗೆ ಈ ಬಾಗಿಲೇ ತೆರೆಯುವುದಿಲ್ಲ. ಅದು ಸರಿ ಅಂತ ನಾನು ಹೇಳಲ್ಲ. ನಿನಗೂ ಯಾರಾದರೂ ಹೀಗೇ ಬರೆಯುತ್ತಾರೆ, ಎರಡನೇ ಸಾಲಿನಲ್ಲೇ ರೆಫರಲ್ ಕೇಳಿಕೊಂಡು. ಆಗ ನಗಬೇಡ.

ಈಗ ಆ "ಆಲ್ ದಿ ಬೆಸ್ಟ್" ಅಂದವರಿಗೆ ಇನ್ನೊಂದು ಸಲ ಬರೆ. ಈ ಸಲ ಒಂದೇ ಪ್ರಶ್ನೆ. ಬರೆದದ್ದನ್ನು ನನಗೆ ತೋರಿಸಬೇಡ, ತಿದ್ದಿ ತಿದ್ದಿ ಅದು ನನ್ನ ದನಿಯಾಗಿಬಿಡುತ್ತದೆ. ಭಾನುವಾರ ಫೋನ್ ಮಾಡುತ್ತೇನೆ, ಆ ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಕೂಡಿತಾ ಅಂತ ಹೇಳು.

ನಿನ್ನ
ಅಮ್ಮ